ಮೂರಾಣೆಯ ಲೆಕ್ಕ ಕೇಳಿದವರು

1963ರ ಆಗಸ್ಟ್ 22ರಂದು ಲೋಕಸಭೆಯಲ್ಲಿ ನೆಹರು ಸರ್ಕಾರದ ಮೇಲಿನ ಅವಿಶ್ವಾಸ ನಿರ್ಣಯವನ್ನು ಮತಕ್ಕೆ ಹಾಕಿದರು. ಪರವಾಗಿ 62 ಮತ, ವಿರುದ್ಧವಾಗಿ 347. ನಮ್ಮ ಲೋಕಸಭೆ ಕಂಡ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ಅದು. ಮಂಡಿಸಿದವರು ಆಚಾರ್ಯ ಜೆ.ಬಿ. ಕೃಪಲಾನಿ. ಬಿದ್ದುಹೋಗುತ್ತದೆ ಎನ್ನುವುದು ಮಂಡಿಸಿದವರಿಗೂ ಗೊತ್ತಿತ್ತು, ಬೆಂಬಲಿಸಿದವರಿಗೂ ಗೊತ್ತಿತ್ತು. ಚೀನಾ ಯುದ್ಧದ ಸೋಲಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಾತಿನ ಬಹುಪಾಲು ಅದರ ಸುತ್ತಲೇ ಹೋಯಿತು. ಆದರೆ ಅರವತ್ತು ವರ್ಷ ದಾಟಿದ ಮೇಲೂ ಆ ಚರ್ಚೆಯಿಂದ ಜನರ ನೆನಪಿನಲ್ಲಿ ಉಳಿದಿರುವುದು ಯುದ್ಧದ ಮಾತಲ್ಲ, ಒಂದು ಚಿಲ್ಲರೆ ಲೆಕ್ಕ: ದಿನಕ್ಕೆ ಮೂರಾಣೆ.

ಆ ಲೆಕ್ಕ ಇಟ್ಟವರು ಡಾ. ರಾಮಮನೋಹರ ಲೋಹಿಯಾ. 1962ರ ಚುನಾವಣೆಯಲ್ಲಿ ಫೂಲ್‌ಪುರದಲ್ಲಿ ನೆಹರು ಎದುರೇ ನಿಂತು ಸೋತವರು, ಮರುವರ್ಷ ಫರೂಕಾಬಾದ್ ಉಪಚುನಾವಣೆಯಲ್ಲಿ ಗೆದ್ದು ಮೊದಲ ಬಾರಿಗೆ ಲೋಕಸಭೆಗೆ ಬಂದಿದ್ದರು. ಬಂದು ಕೆಲವೇ ದಿನ. ಅವರ ಸಮಾಜವಾದಿ ಪಕ್ಷಕ್ಕೆ ಸದನದಲ್ಲಿದ್ದ ಬಲ ಬೆರಳೆಣಿಕೆಯದ್ದು. ಎದ್ದು ನಿಂತು ಹಿಂದಿಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಅದೇ ದೇಶದಲ್ಲಿ ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ. ನೆಹರು ಒಪ್ಪಲಿಲ್ಲ. ಮೂರಾಣೆಯಲ್ಲ, ಹದಿನೈದಾಣೆ ಎಂದರು. ಮುಂದೆ ಇದೇ ವಿಷಯ ಸದನದಲ್ಲಿ ಮತ್ತೆ ಚರ್ಚೆಗೆ ಬಂತು. ಯೋಜನಾ ಖಾತೆ ನೋಡಿಕೊಳ್ಳುತ್ತಿದ್ದ ಗುಲ್ಜಾರಿಲಾಲ್ ನಂದಾ ಅವರು, ತಳದ ಶೇ 60ರಷ್ಟು ಜನರ ಮಟ್ಟಿಗೆ ಲೆಕ್ಕ ಏಳೂವರೆ ಆಣೆ ಎಂದು ಹೇಳಿದರು.

ಹದಿನೈದರಿಂದ ಏಳೂವರೆಗೆ ಬಂತು. ಸರಿಯಾಗಿ ಅರ್ಧ. ಸರ್ಕಾರ ತನ್ನ ಬಾಯಿಂದಲೇ, ಸದನದ ಕಡತಕ್ಕೆ ಸೇರುವ ಹಾಗೆ, ಆ ಅರ್ಧವನ್ನು ಹೇಳಿತು. 62 ಮತ ಇಟ್ಟುಕೊಂಡಿದ್ದ ವಿರೋಧ ಪಕ್ಷಗಳ ಸಾಲಿನಿಂದ ಆದ ಕೆಲಸ ಇದು.

ನಾನು ಇದನ್ನು ಇಷ್ಟು ಹತ್ತಿರದಿಂದ ಯೋಚಿಸುವುದಕ್ಕೆ ಕಾರಣ ನನ್ನ ಕೆಲಸ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ಇಲಾಖೆಯಲ್ಲಿ ಸಾಂಖ್ಯಿಕ ನಿರೀಕ್ಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಬೆಳೆ ಕಟಾವಿನ ಪ್ರಯೋಗ, ಮಳೆ ಲೆಕ್ಕ, ಜನನ ಮರಣ ದಾಖಲೆ, ಎಲ್ಲದರ ನಡುವೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಸುತ್ತುಗಳೂ ಬರುತ್ತಿದ್ದವು. ಕೇಂದ್ರದವರು ತಮ್ಮ ಪಾಲಿನ ಹಳ್ಳಿಗಳನ್ನು ಮಾಡಿದರೆ ರಾಜ್ಯದ ಪಾಲಿನ ಹಳ್ಳಿಗಳು ನಮ್ಮ ಮೇಲೆ. ಅದರಲ್ಲಿ ಕುಟುಂಬದ ಬಳಕೆ ವೆಚ್ಚದ ಶೆಡ್ಯೂಲ್, ಅಂದರೆ ಪ್ರಶ್ನೆಪಟ್ಟಿ, ಅಂತ ಒಂದಿದೆಯಲ್ಲ, ಮೂರಾಣೆ, ಏಳೂವರೆ ಆಣೆ ಎಂಬ ಅಂಕಿಗಳೆಲ್ಲ ಕೊನೆಗೆ ಹುಟ್ಟುವುದು ಆ ಕಾಗದದಲ್ಲಿ.

ಹೇಗೆ ಹುಟ್ಟುತ್ತವೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಂಸತ್ತಿನ ಚರ್ಚೆಯನ್ನು ಟಿವಿಯಲ್ಲಿ ನೋಡುವವರಿಗೆ ಈ ತುದಿ ಕಾಣುವುದಿಲ್ಲ.

ನಮ್ಮ ಕಾಲದಲ್ಲಿ ಹಳ್ಳಿಯೊಂದು ಸಮೀಕ್ಷೆಗೆ ಮಾದರಿಯಾಗಿ ಆಯ್ಕೆಯಾಯಿತು ಅಂದರೆ ಮೊದಲು ಮನೆ ಮನೆ ಪಟ್ಟಿ ಮಾಡಬೇಕಿತ್ತು. ಆ ಪಟ್ಟಿಯಲ್ಲಿ ಅನುಕೂಲಸ್ಥರ ಮನೆಗಳನ್ನು ಬೇರೆ ಗುಂಪು ಮಾಡಿ, ಉಳಿದವರನ್ನು ಜೀವನೋಪಾಯದ ಮೇಲೆ ಬೇರೆ ಗುಂಪು ಮಾಡಿ, ಒಂದೊಂದು ಗುಂಪಿನಿಂದ ಇಂತಿಷ್ಟು ಮನೆ ಎಂದು ಆರಿಸುತ್ತಿದ್ದೆವು. ಆಮೇಲೆ ಆ ಮನೆಯ ಜಗಲಿಯಲ್ಲಿ ಕೂತು ಕಳೆದ 30 ದಿನ ಮನೆಯಲ್ಲಿ ಏನೇನು ಖರ್ಚಾಯಿತು ಎಂದು ಒಂದೊಂದಾಗಿ ಕೇಳುತ್ತಾ ಹೋಗಬೇಕಿತ್ತು. ಅಕ್ಕಿ ಎಷ್ಟು ಕೆಜಿ, ಅದರಲ್ಲಿ ಸೊಸೈಟಿಯದ್ದೆಷ್ಟು, ಅಂಗಡಿಯದ್ದೆಷ್ಟು, ಗದ್ದೆಯದ್ದೆಷ್ಟು. ಉಪ್ಪು, ಮೆಣಸು, ಬೆಲ್ಲ, ಒಣಮೀನು, ಸೀಮೆಎಣ್ಣೆ, ಎಲೆ ಅಡಿಕೆ, ಬೀಡಿ. ಬಟ್ಟೆ, ಚಪ್ಪಲಿಗೆ ಒಂದು ವರ್ಷದ ಲೆಕ್ಕ. ಆಸ್ಪತ್ರೆಗೆ ಬೇರೆ. ಮನೆಯಲ್ಲೇ ಬೆಳೆದದ್ದಕ್ಕೂ ಊರಿನ ದರ ಹಾಕಬೇಕು, ಕಾಡಿನಿಂದ ಹೊತ್ತು ತಂದ ಸೌದೆಗೂ ಬೆಲೆ ಕಟ್ಟಬೇಕು.

ಈ ಸೌದೆಯ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಹೆಂಗಸರು ನನ್ನ ಮುಖ ನೋಡಿದ್ದಾರೆ. ಸಾಗರದ ಹತ್ತಿರದ ಒಂದೂರಿನಲ್ಲಿ ಒಬ್ಬ ಅಜ್ಜಿ ಕೇಳಿಯೇಬಿಟ್ಟರು: "ಹೊತ್ಕಂಡ್ ಬಂದಿದ್ದು ನಾನು. ದುಡ್ಡು ಯಾರೂ ಕೊಟ್ಟಿಲ್ಲ, ನಾನೂ ಯಾರಿಗೂ ಕೊಟ್ಟಿಲ್ಲ. ಹಂಗಾರೆ ಎಂತ ಬರ್ಕಂತೀರಿ ಅಮ್ಮ?" ಬರೆದುಕೊಳ್ಳುವುದು ನಿಯಮ. ಹೊರೆಗೆ ಇಷ್ಟು ಎಂದು ಬರೆದೆ. ಆ ಅಜ್ಜಿ ಮನೆಯ ತಿಂಗಳ ಖರ್ಚು ಅಷ್ಟು ಹೆಚ್ಚಿತು. ಅಂದರೆ ಬಡವರ ಖರ್ಚು ಎಂದು ಸರ್ಕಾರಿ ವರದಿಯಲ್ಲಿ ಕಾಣುವ ಮೊತ್ತದಲ್ಲಿ ಅವರ ಬೆನ್ನಿನ ಮೇಲಿನ ಹೊರೆಯೂ ರೂಪಾಯಿಯಾಗಿ ಸೇರಿಕೊಂಡಿರುತ್ತದೆ. ಇದು ತಪ್ಪು ಅನ್ನುತ್ತಿಲ್ಲ. ಬಳಕೆಯನ್ನು ಅಳೆಯುವುದಾದರೆ ಹೀಗೆಯೇ ಅಳೆಯಬೇಕು. ಆದರೆ ಏಳೂವರೆ ಆಣೆ ಎಂದಾಗ ಅಷ್ಟು ನಾಣ್ಯ ಆ ಮನುಷ್ಯನ ಕೈಯಲ್ಲಿ ಇತ್ತು ಎಂದು ಓದಿಕೊಳ್ಳಬಾರದು.

ಇನ್ನೊಂದು ತುದಿಯ ಮನೆಗಳೂ ಇವೆ. ದೊಡ್ಡ ಗೇಟು, ಒಳಗೆ ಅಡಿಕೆ ಅಂಗಳ. ಯಜಮಾನರು ಊರಲ್ಲಿಲ್ಲ, ನಾಳೆ ಬನ್ನಿ. ನಾಳೆ ಹೋದರೆ ಇದೆಲ್ಲ ತೆರಿಗೆಗೆ ಹೋಗುತ್ತದಾ ಎಂಬ ಅನುಮಾನ. ಕೊನೆಗೆ ಹೇಳಿದರೂ ಅಕ್ಕಿ ಬೇಳೆಯ ಲೆಕ್ಕ ಹೇಳುತ್ತಾರೆ, ಮಗನ ಕಾಲೇಜು ಡೊನೇಷನ್ ಹೇಳುವುದಿಲ್ಲ. ಬಡವರ ಮನೆಯ ಲೆಕ್ಕ ಚೊಕ್ಕ ಸಿಗುತ್ತದೆ. ಅವರಿಗೆ ಪ್ರತಿ ರೂಪಾಯಿ ಎಲ್ಲಿ ಹೋಯಿತು ಎಂದು ನೆನಪಿರುತ್ತದೆ. ಶ್ರೀಮಂತರ ಲೆಕ್ಕ ಯಾವಾಗಲೂ ಅರೆಬರೆ. ಆದ್ದರಿಂದ ನಮ್ಮ ಸಮೀಕ್ಷೆಗಳು ತೋರಿಸುವ ಅಂತರ ನಿಜವಾದ ಅಂತರಕ್ಕಿಂತ ಕಡಿಮೆ ಎನ್ನುವುದು ನನ್ನ ಅನುಭವದ ಮಾತು.

ಈಗ ಲೋಹಿಯಾ ಲೆಕ್ಕಕ್ಕೆ ವಾಪಸ್ ಬರೋಣ. ಒಂದು ರೂಪಾಯಿಗೆ ಹದಿನಾರಾಣೆ. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ, ಆದರೂ ಜನರ ಬಾಯಲ್ಲಿ ಆಣೆಯೇ ಓಡಾಡುತ್ತಿತ್ತು. ಮೂರಾಣೆ ಅಂದರೆ ಸುಮಾರು 19 ಪೈಸೆ, ತಿಂಗಳಿಗೆ ಐದೂಮುಕ್ಕಾಲು ರೂಪಾಯಿಗೂ ಕಡಿಮೆ. ಹದಿನೈದಾಣೆ ಅಂದರೆ ತಿಂಗಳಿಗೆ 28 ರೂಪಾಯಿ. ಏಳೂವರೆ ಆಣೆ ಅಂದರೆ 14 ರೂಪಾಯಿ.

ಹದಿನೈದಾಣೆ ಎಲ್ಲಿಂದ ಬಂತು? ಅದು ಇಡೀ ದೇಶದ ಸರಾಸರಿ. ಟಾಟಾ ಬಿರ್ಲಾರಿಂದ ಹಿಡಿದು ಜೀತದಾಳಿನ ತನಕ ಎಲ್ಲರ ಆದಾಯವನ್ನೂ ಕೂಡಿಸಿ ತಲೆ ಎಣಿಕೆಯಿಂದ ಭಾಗಿಸಿದ್ದು. ಲೋಹಿಯಾ ಮಾತಾಡುತ್ತಿದ್ದದ್ದು ಸರಾಸರಿಯ ಬಗ್ಗೆ ಅಲ್ಲ, ಮೇಲಿನವರನ್ನು ಬಿಟ್ಟು ಉಳಿದ 27 ಕೋಟಿಯ ಬಗ್ಗೆ. 1961ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 44 ಕೋಟಿ. ಅಂದರೆ ನೂರಕ್ಕೆ ಅರವತ್ತು ಜನ. ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆಯ ಉತ್ತರ ಕೊಟ್ಟರೆ ಒಪ್ಪುವುದಿಲ್ಲ ಎಂದು ಪಟ್ಟು ಹಿಡಿದದ್ದೇ ಆ ಚರ್ಚೆಯ ಜೀವ. ಸರಾಸರಿಯ ಹಿಂದೆ ಅಡಗಿಕೊಳ್ಳಲು ಬಿಡಲಿಲ್ಲ.

ಮೂರಾಣೆ ಎನ್ನುವ ಅಂಕಿ 27 ಕೋಟಿ ಜನರ ಮಟ್ಟಿಗೆ ತೀರ ಕಡಿಮೆಯಾಯಿತು ಎಂದೇ ನನ್ನ ಅಭಿಪ್ರಾಯ. ಆ ಕಾಲದ ಸಮೀಕ್ಷೆಗಳ ಆಧಾರದಲ್ಲಿ ಮುಂದೆ 1971ರಲ್ಲಿ ದಾಂಡೇಕರ್ ಮತ್ತು ರಥ್ ಎಂಬ ಅರ್ಥಶಾಸ್ತ್ರಜ್ಞರು ಹಾಕಿದ ಲೆಕ್ಕದಲ್ಲಿ, 1960–61ರಲ್ಲಿ ಹಳ್ಳಿಗಳ ಶೇ 40ರಷ್ಟು ಜನ ತಿಂಗಳಿಗೆ 15 ರೂಪಾಯಿಗಿಂತ ಕೆಳಗಿದ್ದರು. ಐದೂಮುಕ್ಕಾಲು ರೂಪಾಯಿ ತೀರ ತಳದವರ ಸ್ಥಿತಿ ಇರಬಹುದು, ನೂರಕ್ಕೆ ಅರವತ್ತು ಜನರದ್ದಲ್ಲ. ಲೋಹಿಯಾ ಮೇಲೆ ಎಷ್ಟೇ ಗೌರವವಿದ್ದರೂ ಅಂಕಿಯ ವಿಷಯದಲ್ಲಿ ಇದನ್ನು ಹೇಳಲೇಬೇಕು.

ಆದರೆ ಸರ್ಕಾರದ ಏಳೂವರೆ ಆಣೆಯನ್ನೇ ಹಿಡಿದು ನೋಡಿ. 1962ರಲ್ಲಿ ಯೋಜನಾ ಆಯೋಗವೇ ಒಂದು ತಜ್ಞರ ತಂಡವನ್ನು ಕೂರಿಸಿ, ಮನುಷ್ಯನೊಬ್ಬ ಬದುಕಲು ತಿಂಗಳಿಗೆ ಕನಿಷ್ಠ ಎಷ್ಟು ಬೇಕು ಎಂದು ಕೇಳಿತ್ತು. ಡಿ.ಆರ್. ಗಾಡ್ಗೀಳ್, ಅಶೋಕ್ ಮೆಹ್ತಾ, ಪೀತಾಂಬರ ಪಂತ್ ಅಂಥವರಿದ್ದ ತಂಡ. 1960–61ರ ದರದಲ್ಲಿ ತಲೆಗೆ 20 ರೂಪಾಯಿ ಎಂದು ಅವರು ಹೇಳಿದರು. ಶಾಲೆ, ಆಸ್ಪತ್ರೆ ಖರ್ಚನ್ನು ಸರ್ಕಾರ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ಸೇರಿಸದೆ ಹೇಳಿದ್ದು. 20 ರೂಪಾಯಿ ಅಂದರೆ ದಿನಕ್ಕೆ ಹತ್ತೂವರೆ ಆಣೆಗೆ ಮೇಲೆ. ಸರ್ಕಾರ ಸದನದಲ್ಲಿ ಹೇಳಿದ್ದು ಏಳೂವರೆ. ದೇಶದ ಐವರಲ್ಲಿ ಮೂವರು ಒಟ್ಟಾರೆಯಾಗಿ, ಸರ್ಕಾರವೇ ಕನಿಷ್ಠ ಎಂದು ಒಪ್ಪಿದ ಮಟ್ಟಕ್ಕಿಂತ ಕೆಳಗಿದ್ದಾರೆ ಎಂದು ಅದೇ ಸರ್ಕಾರದ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಲೋಹಿಯಾ ಅಂಕಿ ತಪ್ಪಿದ್ದರೂ ಅವರ ಪ್ರಶ್ನೆ ಸರಿಯಾದ ಜಾಗಕ್ಕೇ ಬಡಿದಿತ್ತು.

ಪ್ರಶ್ನೆ ಹೊಸದೂ ಅಲ್ಲ. ಎರಡು ಪಂಚವಾರ್ಷಿಕ ಯೋಜನೆಗಳಲ್ಲಿ ಹೆಚ್ಚಿದ ಆದಾಯ ಯಾರ ಮನೆಗೆ ಹೋಯಿತು ಎಂದು 1960ರಲ್ಲಿ ನೆಹರು ಅವರೇ ಸಂಸತ್ತಿನಲ್ಲಿ ಕೇಳಿದ್ದರು, ಆಮೇಲೆ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅಧ್ಯಕ್ಷತೆಯಲ್ಲಿ ಸಮಿತಿಯೂ ಆಯಿತು. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು 1950ರಲ್ಲಿ ಕಟ್ಟಿದವರೂ ಮಹಲನೋಬಿಸ್ ಅವರೇ. ಸಮಿತಿ ವರದಿ ಹೊರಬಂದದ್ದು 1964ರಲ್ಲಿ. ಸಮಿತಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ಅದನ್ನು ಇಡೀ ದೇಶ ಮಾತಾಡಿಕೊಳ್ಳುವ ವಿಷಯವಾಗಿ ಮಾಡುವುದು ವಿರೋಧ ಪಕ್ಷದಲ್ಲಿ ಕೂತವರ ಕೆಲಸ.

ಲೋಹಿಯಾಗೆ ಅಂಕಿಯ ಹಟ ಎಲ್ಲಿಂದ ಬಂತು ಎಂದರೆ, ಬರ್ಲಿನ್‌ನಲ್ಲಿ ಡಾಕ್ಟರೇಟ್ ಮಾಡುವಾಗ ಅವರು ಆರಿಸಿಕೊಂಡ ವಿಷಯವೇ ಉಪ್ಪಿನ ತೆರಿಗೆ. ಜಗಲಿಯಲ್ಲಿ ಕೂತು ಉಪ್ಪಿನ ಲೆಕ್ಕ ಬರೆಯುವಾಗ ನನಗೆ ಈ ಸಂಗತಿ ಆಗಾಗ ನೆನಪಾಗುತ್ತಿತ್ತು. ಶೆಡ್ಯೂಲಿನಲ್ಲಿ ಯಾವ ಮನೆಯಲ್ಲೂ ಖಾಲಿ ಬಿಡದ ಸಾಲು ಅದು.

ನಮ್ಮ ಕಡೆಯವರಿಗೆ ಲೋಹಿಯಾ ದೂರದವರಲ್ಲ. 1951ರ ಏಪ್ರಿಲ್ 18ಕ್ಕೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಹಿಂದೆ ನಿಂತ ಸಮಾಜವಾದಿ ಪಕ್ಷ, ಶಾಂತವೇರಿ ಗೋಪಾಲಗೌಡರು. ಜಗಳದ ಮೂಲದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು, ಎಲ್ಲರಿಗೂ ಒಂದೇ ಅಳತೆಯ ಕೊಳಗ ಆಗಬೇಕು ಎಂದು ಗೇಣಿಗೆ ಉಳುತ್ತಿದ್ದ ದೀವರ ಕುಟುಂಬಗಳು ಕೇಳಿದವು. ಆ ಜೂನ್‌ನಲ್ಲಿ ಲೋಹಿಯಾ ಇಲ್ಲಿಗೆ ಬಂದು ಸತ್ಯಾಗ್ರಹಿಗಳ ಜೊತೆ ನಿಂತು ಬಂಧನಕ್ಕೊಳಗಾದರು. ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದದ್ದು ಲೋಹಿಯಾ ಭಾಷಣದ ಬಗ್ಗೆ ಅಲ್ಲ, ಕೊಳಗದ ಬಾಯಿಯ ಬಗ್ಗೆ. ಅಳೆಯುವವರು ಭತ್ತವನ್ನು ಹೇಗೆ ಒತ್ತಿ ತುಂಬುತ್ತಿದ್ದರು, ಮೇಲೆ ಹೇಗೆ ಗೋಪುರ ಮಾಡುತ್ತಿದ್ದರು ಎಂದು ಕೈಯಲ್ಲಿ ತೋರಿಸುತ್ತಿದ್ದರು. ಅಂಗಳದಲ್ಲಿ ಕೊಳಗದ ಅಳತೆ ಪ್ರಶ್ನಿಸಿದವರ ಜೊತೆ ನಿಂತ ಮನುಷ್ಯ ಹನ್ನೆರಡು ವರ್ಷದ ನಂತರ ಲೋಕಸಭೆಯಲ್ಲಿ ಸರ್ಕಾರದ ಅಳತೆಯನ್ನು ಪ್ರಶ್ನಿಸಿದ. ನನಗೆ ಇವೆರಡೂ ಬೇರೆ ಬೇರೆ ಕೆಲಸವಾಗಿ ಕಾಣುವುದೇ ಇಲ್ಲ.

ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಗೆದ್ದಾಗಲೂ ಸೋತಾಗಲೂ ಗೇಣಿಯ ಮಾತು ಬಿಡಲಿಲ್ಲ. ಆಡಳಿತ ಪಕ್ಷದ ಸಾಲಿನಲ್ಲಿ ಒಂದು ದಿನವೂ ಕೂರಲಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಕೊನೆಯಾಗುವ ಹೊತ್ತಿಗೆ ಅವರು ಇರಲಿಲ್ಲ, 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು. ಕಾನೂನು ತಂದ ಹೆಸರು ದೇವರಾಜ ಅರಸರದ್ದು, ಅದು ನ್ಯಾಯವೇ. ಆದರೆ ಇಪ್ಪತ್ತು ವರ್ಷ ವಿರೋಧ ಪಕ್ಷದ ಬೆಂಚಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದವರ ಕೆಲಸವೂ ಆ ಕಾನೂನಿನೊಳಗೆ ಇದೆ. ನಮ್ಮ ಮನೆಗೆ ಹಕ್ಕುಪತ್ರ ಬಂದಾಗ ಅಜ್ಜ ಮೊದಲು ಹೇಳಿದ ಹೆಸರು ಗೋಪಾಲಗೌಡರದ್ದು ಎಂದು ನಮ್ಮಪ್ಪ ಹೇಳುತ್ತಿದ್ದರು.

ಇದೇ ಸಮಾಜವಾದಿ ಪಂಗಡದ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಸ್ಪೀಕರ್ ನೀಲಂ ಸಂಜೀವರೆಡ್ಡಿ ಅವಕಾಶ ಕೊಟ್ಟರು. ಅದನ್ನು ಭಾಷಾಭಿಮಾನದ ಪ್ರಸಂಗವಾಗಿ ಮಾತ್ರ ನಮ್ಮಲ್ಲಿ ಹೇಳುತ್ತಾರೆ. ನನಗೆ ಅದರಲ್ಲಿ ಬೇರೆ ಅರ್ಥವೂ ಕಾಣುತ್ತದೆ. ಯಾರ ಕಷ್ಟ ಹೇಳಲು ದೆಹಲಿಗೆ ಹೋಗಿದ್ದಾರೋ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು. ಸದನದಲ್ಲಿ ಇಂಗ್ಲಿಷ್ ಬರುವವರು ಮಾತ್ರ ದೊಡ್ಡವರು ಎಂಬಂತಿದ್ದ ಕಾಲದಲ್ಲಿ ಲೋಹಿಯಾ ಹಿಂದಿಯಲ್ಲಿ, ಆಣೆಯ ಲೆಕ್ಕದಲ್ಲಿ ಮಾತಾಡಿದ್ದಕ್ಕೇ ಅದು ಸಂತೆಗಳ ತನಕ ಹೋಯಿತು.

ಪ್ರಶ್ನೆ ಕೇಳುವುದು ಹೇಳಿದಷ್ಟು ಸುಲಭವಲ್ಲ. ಲೋಕಸಭೆಯ ಪ್ರಶ್ನೋತ್ತರ ವೇಳೆ ಒಂದೇ ತಾಸು. ಹದಿನೈದು ದಿನ ಮೊದಲೇ ಪ್ರಶ್ನೆ ಕೊಡಬೇಕು. ಚೀಟಿ ಎತ್ತಿ, ದಿನಕ್ಕೆ 20 ಪ್ರಶ್ನೆಗಳಿಗೆ ಚುಕ್ಕೆ ಗುರುತು ಸಿಗುತ್ತದೆ. ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಇನ್ನು 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಚುಕ್ಕೆ ಸಿಕ್ಕ ಇಪ್ಪತ್ತರಲ್ಲೂ ಒಂದು ತಾಸಿನೊಳಗೆ ಮುಟ್ಟುವುದು ಕೆಲವೇ ಕೆಲವು. ಉಪಪ್ರಶ್ನೆಯೇ ನಿಜವಾದ ಪರೀಕ್ಷೆ. ಅಧಿಕಾರಿಗಳು ಬರೆದುಕೊಟ್ಟ ಉತ್ತರವನ್ನು ಮಂತ್ರಿ ಓದಬಹುದು, ಉಪಪ್ರಶ್ನೆಗೆ ತಾನೇ ತಿಳಿದಿರಬೇಕು. ಲೋಹಿಯಾ ಜೊತೆಗಾರ ಮಧು ಲಿಮಯೆ 1964ರಲ್ಲಿ ಮುಂಗೇರ್‌ನಿಂದ ಬಂದ ಮೇಲೆ ಈ ನಿಯಮಗಳನ್ನೇ ಆಯುಧ ಮಾಡಿಕೊಂಡರು. ಓದಿಕೊಂಡು ಬಂದ ಒಬ್ಬ ಸದಸ್ಯ ಇಡೀ ಸಚಿವಾಲಯವನ್ನು ರಾತ್ರಿಯಿಡೀ ಎಚ್ಚರ ಇಡಬಲ್ಲ.

ನಮ್ಮಂಥ ಕೆಳಗಿನ ನೌಕರರಿಗೂ ಇದು ತಟ್ಟುತ್ತಿತ್ತು. ವಿಧಾನಸಭೆಯ ಪ್ರಶ್ನೆ ಬಂದಿದೆ ಎಂದು ಜಿಲ್ಲಾ ಕಚೇರಿಯಿಂದ ಫೋನು ಬಂತು ಅಂದರೆ ಬೇರೆ ಕೆಲಸ ಬದಿಗೆ. ಸಂಜೆಯೊಳಗೆ ಹೋಬಳಿವಾರು ಮಾಹಿತಿ ಹೋಗಬೇಕು. ಎಷ್ಟೋ ವರ್ಷದಿಂದ ಯಾರೂ ತೆರೆಯದ ಕಡತಗಳು ಆಗ ಹೊರಬರುತ್ತಿದ್ದವು. ಕೇಳುವವರಿದ್ದಾರೆ ಎಂದು ಗೊತ್ತಾದ ತಾಲ್ಲೂಕಿನಲ್ಲಿ ಲೆಕ್ಕ ಶುದ್ಧವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾಗಿ ಇತ್ತೀಚಿನ ಕೆಲವು ವಿಷಯಗಳು ನನ್ನನ್ನು ಬಾಧಿಸುತ್ತವೆ. 2011–12ರ ಬಳಕೆ ವೆಚ್ಚದ ಸಮೀಕ್ಷೆ, ಅಂದರೆ 68ನೇ ಸುತ್ತು, ನಾವು ಮಾಡಿದ್ದು. ಮುಂದಿನದ್ದು 2017–18ರಲ್ಲಿ ನಡೆಯಿತು. ಅದರ ವರದಿಯನ್ನು ಬಿಡುಗಡೆ ಮಾಡುವುದಿಲ್ಲ, ದತ್ತಾಂಶದ ಗುಣಮಟ್ಟ ಸರಿಯಿಲ್ಲ ಎಂದು 2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೇಳಿತು. ಆ ಸಮೀಕ್ಷೆಯ ಪ್ರಕಾರ ಹಳ್ಳಿಯವರ ಬಳಕೆ ಕುಸಿದಿದೆ ಎಂದು ಅದೇ ಹೊತ್ತಿಗೆ ಪತ್ರಿಕೆಯಲ್ಲಿ ಬಂದಿತ್ತು. ಗುಣಮಟ್ಟದ ಬಗ್ಗೆ ಅನುಮಾನವಿದ್ದರೆ ಅನುಮಾನದ ಸಮೇತ ಪ್ರಕಟಿಸಬೇಕಿತ್ತು ಎಂದು ನಾನು ಈಗಲೂ ನಂಬುತ್ತೇನೆ. ಜಗಲಿಯಲ್ಲಿ ಕೂತು ಬರೆದವರ, ಕೆಲಸ ಬಿಟ್ಟು ಉತ್ತರ ಹೇಳಿದವರ ಶ್ರಮ ಅದು. ಲೋಹಿಯಾ ಕಾಲದಲ್ಲಿ ಸರ್ಕಾರಕ್ಕೆ ಹೇಳಲು ಏಳೂವರೆ ಆಣೆ ಎಂಬ ಅಂಕಿಯಾದರೂ ಇತ್ತು.

2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು, ಲಿಖಿತ ಉತ್ತರ ಮಾತ್ರ ಉಳಿಯಿತು. ಲಾಕ್‌ಡೌನ್‌ನಲ್ಲಿ ಊರಿಗೆ ನಡೆದ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು ಎಂದು ಕೇಳಿದ್ದಕ್ಕೆ ಅಂಥ ದತ್ತಾಂಶ ಇಟ್ಟಿಲ್ಲ ಎಂದು ಕಾರ್ಮಿಕ ಸಚಿವಾಲಯದ ಉತ್ತರ ಬಂತು. 2021ರ ಚಳಿಗಾಲದ ಅಧಿವೇಶನದಲ್ಲಿ ದೆಹಲಿ ಗಡಿಯ ಹೋರಾಟದಲ್ಲಿ ಸತ್ತ ರೈತರ ಬಗ್ಗೆ ಕೇಳಿದಾಗ ಕೃಷಿ ಸಚಿವಾಲಯದ್ದೂ ಅದೇ ಉತ್ತರ, ದಾಖಲೆ ಇಲ್ಲ. ಎಣಿಸುವ ಕೆಲಸದಲ್ಲಿ ಬದುಕು ಕಳೆದವಳಿಗೆ ಇದು ಸಹಿಸಲು ಕಷ್ಟವಾದ ಮಾತು. ಹುಟ್ಟು ಸಾವನ್ನು ಬರೆದಿಡಲು ಈ ದೇಶದಲ್ಲಿ ಕಾನೂನಿದೆ, ಪ್ರತಿ ಪಂಚಾಯಿತಿಯಲ್ಲಿ ಪುಸ್ತಕ ಇದೆ. ಕೇಳಿದ ಸದಸ್ಯರಿಗೆ ಸಂಖ್ಯೆ ಸಿಗಲಿಲ್ಲ. ಆದರೆ ಸಂಖ್ಯೆ ಇಲ್ಲ ಎಂಬುದು ಸರ್ಕಾರದ ಸಹಿಯೊಂದಿಗೆ ದಾಖಲಾಯಿತು, ಅದೂ ಒಂದು ಕೆಲಸವೇ.

ವಿರೋಧ ಪಕ್ಷದವರ ಮೇಲೂ ನನಗೆ ಸಿಟ್ಟಿದೆ, ಯಾವುದೇ ಪಕ್ಷವಿರಲಿ. 2010ರ ಚಳಿಗಾಲದ ಅಧಿವೇಶನ 2ಜಿ ತರಂಗಾಂತರ ಹಗರಣದ ತನಿಖೆಗೆ ಜಂಟಿ ಸಂಸದೀಯ ಸಮಿತಿ ಬೇಕೆಂಬ ಪಟ್ಟಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಕೊಚ್ಚಿಹೋಯಿತು. ಆಗ ಬಿಜೆಪಿ ವಿರೋಧ ಪಕ್ಷದಲ್ಲಿತ್ತು. ಈಗ ಕಾಂಗ್ರೆಸ್ ಅದೇ ಜಾಗದಲ್ಲಿದೆ, ಸದನದ ಬಾವಿಗಿಳಿದು ಫಲಕ ಹಿಡಿಯುವುದು ನಿಂತಿಲ್ಲ. ಆಡಳಿತ ಪಕ್ಷ ಚರ್ಚೆಗೆ ಒಪ್ಪದಿದ್ದಾಗ ಬೇರೆ ದಾರಿ ಇರುವುದಿಲ್ಲ ಎನ್ನುತ್ತಾರೆ, ಕೆಲವು ಸಲ ಅದು ನಿಜ. 2023ರ ಡಿಸೆಂಬರ್‌ನಲ್ಲಿ ಎರಡೂ ಸದನ ಸೇರಿ 146 ಸದಸ್ಯರನ್ನು ಅಮಾನತು ಮಾಡಿದಾಗ ಅವರು ಕೊಟ್ಟಿದ್ದ ಪ್ರಶ್ನೆಗಳೂ ಪಟ್ಟಿಯಿಂದ ಹೋದವು. ಅದು ನನಗೆ ಅಮಾನತಿಗಿಂತ ದೊಡ್ಡ ನಷ್ಟವಾಗಿ ಕಂಡಿತು. ಆದರೆ ಪ್ರಶ್ನೋತ್ತರದ ಒಂದು ತಾಸನ್ನು ತಾವಾಗಿ ಕೂಗಾಟಕ್ಕೆ ಬಿಟ್ಟುಕೊಟ್ಟರೆ ಅದರಿಂದ ಅನುಕೂಲವಾಗುವುದು ಮಂತ್ರಿಗೆ. ಉಪಪ್ರಶ್ನೆ ಎದುರಿಸುವ ಕಷ್ಟ ಅವರಿಗೆ ತಪ್ಪಿತು.

ಕೇಳಲು ವಿಷಯವಿಲ್ಲವೇ? 2022–23ರ ಸಮೀಕ್ಷೆಯ ಅಂಕಿ 2024ರ ಫೆಬ್ರುವರಿಯಲ್ಲಿ ಬಂತು. ಹಳ್ಳಿಗಳಲ್ಲಿ ತಲೆಗೆ ತಿಂಗಳ ಸರಾಸರಿ ಖರ್ಚು 3,773 ರೂಪಾಯಿ. ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಓಡಾಡಿದ್ದು ಈ ಸರಾಸರಿ. ಅದೇ ಹಾಳೆಯಲ್ಲಿ ಕೆಳಗೆ ಹಳ್ಳಿಗಳ ತೀರ ತಳದ ಶೇ 5ರಷ್ಟು ಜನರ ಖರ್ಚು 1,373 ರೂಪಾಯಿ ಎಂದೂ ಇದೆ. ದಿನಕ್ಕೆ ಭಾಗಿಸಿ ನೋಡಿ, ಸರಾಸರಿ ಸುಮಾರು 126 ರೂಪಾಯಿ, ತಳದವರದ್ದು 46 ರೂಪಾಯಿಗೂ ಕಡಿಮೆ. ಅದರಲ್ಲೇ ಊಟ, ಬಟ್ಟೆ, ಬಸ್ಸು, ಔಷಧಿ, ಫೋನಿನ ರೀಚಾರ್ಜು. ನಗರದ ಮೇಲಿನ ಶೇ 5ರವರದ್ದು ತಿಂಗಳಿಗೆ 20,824. ಹದಿನೈದಾಣೆ ಮೂರಾಣೆಯ ಜಗಳ ಮುಗಿದಿಲ್ಲ ಎಂದು ಈ ಹಾಳೆಯೇ ಹೇಳುತ್ತಿದೆ. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಬಡತನ ರೇಖೆ ಹಳ್ಳಿಯಲ್ಲಿ ದಿನಕ್ಕೆ 26 ರೂಪಾಯಿ, ನಗರದಲ್ಲಿ 32 ರೂಪಾಯಿ ಎಂದು ಬರೆದುಕೊಟ್ಟಾಗ ದೇಶ ಎದ್ದು ನಿಂತಿತ್ತು. ಆಮೇಲೆ ರಂಗರಾಜನ್ ಸಮಿತಿ 2014ರಲ್ಲಿ ಬಡತನ ರೇಖೆಯ ಹೊಸ ಲೆಕ್ಕ ಕೊಟ್ಟಿತು. ಅದು ಅಲ್ಲಿಗೇ ನಿಂತಿದೆ. ಬಳಕೆ ವೆಚ್ಚದ ಮೇಲೆ ಎಳೆದ ಹೊಸ ಅಧಿಕೃತ ಬಡತನ ರೇಖೆ ಇವತ್ತು ನಮ್ಮ ಮುಂದಿಲ್ಲ.

ಇಷ್ಟನ್ನು ಓದಿ ಸುಮ್ಮನಿರಲಾಗದೆ, ಕರ್ನಾಟಕದಿಂದ ಆರಿಸಿಹೋದ ವಿರೋಧ ಪಕ್ಷದ ಸಂಸದರಿಗೆ ಒಂದು ಪತ್ರ ಬರೆದಿದ್ದೇನೆ. ಸಲಹೆ ಏನೂ ಇಲ್ಲ ಅದರಲ್ಲಿ. ಸದನದ ಕ್ರಮದಲ್ಲೇ ಒಂದು ಪ್ರಶ್ನೆ ತಯಾರು ಮಾಡಿ ಇಟ್ಟಿದ್ದೇನೆ, ಹೆಸರು ಹಾಕಿ ಕೊಟ್ಟರಾಯಿತು: (ಅ) ಇತ್ತೀಚಿನ ಗೃಹ ಬಳಕೆ ವೆಚ್ಚ ಸಮೀಕ್ಷೆಯಂತೆ ಪ್ರತಿ ರಾಜ್ಯದಲ್ಲಿ ತಳದ ಶೇ 60ರಷ್ಟು ಜನರ ತಲಾ ದಿನದ ಸರಾಸರಿ ಖರ್ಚು ಎಷ್ಟು, (ಆ) ಆ ಮೊತ್ತದಲ್ಲಿ ಹಣ ಕೊಟ್ಟು ಕೊಂಡದ್ದೆಷ್ಟು, ಬೆಳೆದದ್ದು, ಹೊತ್ತು ತಂದದ್ದು, ಉಚಿತವಾಗಿ ಸಿಕ್ಕಿದ್ದಕ್ಕೆ ಕಟ್ಟಿದ ಬೆಲೆ ಎಷ್ಟು, (ಇ) ಒಬ್ಬ ಮನುಷ್ಯನ ಕನಿಷ್ಠ ಬದುಕಿಗೆ ದಿನಕ್ಕೆ ಎಷ್ಟು ಬೇಕು ಎಂದು ಸರ್ಕಾರ ಇಂದು ಒಪ್ಪುತ್ತದೆ, (ಈ) ಒಪ್ಪುವ ಮೊತ್ತ ಇಲ್ಲದಿದ್ದರೆ, ಅದಕ್ಕೆ ಕಾರಣಗಳೇನು?